ಖಾಕಿ ಸಂಬಳ ಮತ್ತು ಹಿಂಬಾಕಿಯ ತೆರಿಗೆ

ಪೊಲೀಸರ ಸಂಬಳಕ್ಕೆಂದೇ ಆದಾಯ ತೆರಿಗೆಯಲ್ಲಿ ಬೇರೆ ವಿನಾಯಿತಿ ಇದೆ ಎಂಬ ಮಾತು ಠಾಣೆಯಿಂದ ಠಾಣೆಗೆ ಓಡಾಡುತ್ತಲೇ ಇರುತ್ತದೆ. ಅಂಥದ್ದೇನೂ ಇಲ್ಲ. ಕಾನ್‌ಸ್ಟೆಬಲ್‌ ಆಗಲಿ, ಎಸ್‌ಪಿ ಆಗಲಿ, ತೆರಿಗೆ ಇಲಾಖೆಯ ಲೆಕ್ಕದಲ್ಲಿ ಎಲ್ಲರೂ ಸಂಬಳದಾರರೇ.

ಮೊದಲ ಪಾಠ ಬೇಗ ಮುಗಿಸೋಣ. 2025-26ರ ಆದಾಯಕ್ಕೆ ಎರಡು ಪದ್ಧತಿಗಳಿವೆ. ನೀವು ಬೇರೇನೂ ಹೇಳದಿದ್ದರೆ ಹೊಸದೇ ಅನ್ವಯ. ಅದರಲ್ಲಿ ಸಂಬಳದಿಂದ 75,000 ರೂಪಾಯಿ ನೇರವಾಗಿ ಕಳೆದು, ಉಳಿದದ್ದು 12 ಲಕ್ಷ ದಾಟದಿದ್ದರೆ ತೆರಿಗೆ ಸೊನ್ನೆ. ಹಳೆಯದರಲ್ಲಿ ಆ ಕಡಿತ 50,000 ಮಾತ್ರ. ಆದರೆ ಕೆಜಿಐಡಿ ಕಂತು, ಜಿಪಿಎಫ್ ಎಲ್ಲ ಸೇರಿ ಒಂದೂವರೆ ಲಕ್ಷದವರೆಗೆ ತೋರಿಸಬಹುದು. ಮನೆ ಬಾಡಿಗೆ ಭತ್ಯೆಯ ವಿನಾಯಿತಿ ನಿಜವಾಗಿ ಬಾಡಿಗೆ ಕಟ್ಟುವವರಿಗೆ. ಕ್ವಾರ್ಟರ್ಸ್‌ನಲ್ಲಿದ್ದವರು ಆ ಸಾಲನ್ನು ಮುಟ್ಟುವಂತಿಲ್ಲ.

ಸಮವಸ್ತ್ರ ಭತ್ಯೆಯ ಬಗ್ಗೆ ಕೇಳದವರಿಲ್ಲ. ಹಳೆ ಪದ್ಧತಿಯಲ್ಲಿ, ಬಟ್ಟೆಗೆ ಮತ್ತು ಅದರ ನಿಗಾಕ್ಕೆ ನಿಜವಾಗಿ ಖರ್ಚಾದಷ್ಟಕ್ಕೆ ಮಾತ್ರ ವಿನಾಯಿತಿ. ಹೊಸದರಲ್ಲಿ ಅದೂ ಇಲ್ಲ, ಪೂರ್ತಿ ಆದಾಯವೇ. ಹಾಗೆಂದು ಹೊಸ ಪದ್ಧತಿಯಲ್ಲಿ ಯಾವ ಕಡಿತವೂ ಇಲ್ಲವೆಂದು ಕೈಚೆಲ್ಲಬೇಡಿ. ಎನ್‌ಪಿಎಸ್‌ನಲ್ಲಿರುವವರಿಗೆ ಸರ್ಕಾರ ತುಂಬುವ ಪಾಲು, ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 14ರವರೆಗೆ, ಇಲ್ಲಿಯೂ ಕಳೆಯುತ್ತದೆ. ಆದರೆ ಆ ಮೊತ್ತ ಮೊದಲು ಸಂಬಳಕ್ಕೆ ಸೇರಿರಬೇಕು. ಸೇರಿಸದೆ ಕಳೆದರೆ ತಪ್ಪು, ಸೇರಿಸಿ ಕಳೆಯದಿದ್ದರೆ ನಷ್ಟ. ಫಾರ್ಮ್ 16ರಲ್ಲಿ ಎರಡೂ ಕಡೆ ಬೆರಳಿಟ್ಟು ನೋಡಿ.

ಇನ್ನು ನನಗೆ ಬಲು ಪ್ರಿಯವಾದ ಭಾಗ: ಹಿಂಬಾಕಿ. ಅಮಾನತು, ವಿಚಾರಣೆ, ಪೂರ್ವಾನ್ವಯ ಬಡ್ತಿ ಇವೆಲ್ಲ ಪೊಲೀಸ್ ನೌಕರಿಯಲ್ಲಿ ಹೊಸದಲ್ಲ. ಆದೇಶ ಬಂದಾಗ ಹಳೆ ವರ್ಷದ ಸಂಬಳ ಒಂದೇ ಗಂಟಾಗಿ ಖಾತೆಗೆ ಬೀಳುತ್ತದೆ. ಕೈಗೆ ಬಂದ ವರ್ಷವೇ ಅದಕ್ಕೆ ತೆರಿಗೆ. ಅಲ್ಲಿಗೆ ವಿಧಿಯಿಲ್ಲ ಎಂದುಕೊಂಡು ಸುಮ್ಮನಾಗುವವರೇ ಹೆಚ್ಚು.

ಒಬ್ಬ ಪಿಎಸ್‌ಐಯನ್ನು ಕಲ್ಪಿಸಿಕೊಳ್ಳಿ. 2023-24ರಲ್ಲಿ ಕೆಲ ತಿಂಗಳು ಅಮಾನತು, ಅರ್ಧ ಸಂಬಳದ ಜೀವನಾಧಾರ ಭತ್ಯೆ. ಆ ವರ್ಷದ ತೆರಿಗೆಯ ಆದಾಯ 8 ಲಕ್ಷ. ನಿರ್ದೋಷಿಯೆಂದಾಗಿ, ತಡೆದಿದ್ದ 2 ಲಕ್ಷ 2025-26ರಲ್ಲಿ ಬಂತು. ಈ ವರ್ಷ ಅದನ್ನು ಬಿಟ್ಟರೆ ಆದಾಯ 11 ಲಕ್ಷ, ತೆರಿಗೆ ಸೊನ್ನೆ. ಸೇರಿಸಿದರೆ 13 ಲಕ್ಷ, ಸೆಸ್ ಸೇರಿ ತೆರಿಗೆ 78,000! 12 ಲಕ್ಷದ ಗೆರೆ ದಾಟಿದ್ದಕ್ಕೆ ರಿಯಾಯಿತಿಯೇ ಹಾರಿಹೋಯಿತು. ಅದೇ 2 ಲಕ್ಷ ಸಕಾಲಕ್ಕೆ ಬಂದಿದ್ದರೆ? 2023-24ರ ಹೊಸ ಪದ್ಧತಿಯ ದರದಲ್ಲಿ 8 ಲಕ್ಷಕ್ಕೆ 36,400, 10 ಲಕ್ಷಕ್ಕೆ 62,400. ಹೆಚ್ಚುವರಿ ಬರೀ 26,000.

ಸರ್ಕಾರ ತಡವಾಗಿ ಕೊಟ್ಟಿದ್ದಕ್ಕೆ ನೌಕರ ಹೆಚ್ಚು ತೆರಬೇಕೇ? ಬೇಡ ಎನ್ನುತ್ತದೆ 1961ರ ಕಾಯ್ದೆಯ 89ನೇ ಸೆಕ್ಷನ್. 78,000ದಲ್ಲಿ 26,000 ಕಳೆದರೆ 52,000; ಅಷ್ಟೂ ಪರಿಹಾರ. ಇಡೀ ಕಾಯ್ದೆಯಲ್ಲಿ ಇಷ್ಟು ನ್ಯಾಯವಾದ ಕಲಮು ಇನ್ನೊಂದಿದೆಯೇ ಎಂದು ನನಗೆ ಆಗಾಗ ಅನ್ನಿಸುತ್ತದೆ. ಹೊಸ ಪದ್ಧತಿಯವರಿಗೂ ಇದು ಸಿಗುತ್ತದೆ. ಹಳೆ ವರ್ಷದಲ್ಲೂ ಹೆಚ್ಚುವರಿ ತೆರಿಗೆ ಅಷ್ಟೇ ಆಗುತ್ತಿದ್ದರೆ ಮಾತ್ರ ಏನೂ ದಕ್ಕದು.

ಎಡವುವುದು ಒಂದೇ ಕಡೆ. ರಿಟರ್ನ್ ಸಲ್ಲಿಸುವ ಮೊದಲೇ ಪೋರ್ಟಲ್‌ನಲ್ಲಿ ಫಾರ್ಮ್ 10ಇ ತುಂಬಬೇಕು. ಅದಿಲ್ಲದೆ ರಿಟರ್ನ್‌ನಲ್ಲಿ ಪರಿಹಾರ ಕೇಳಿದರೆ ಇಲಾಖೆ ಅದನ್ನು ತೆಗೆದುಹಾಕಿ ಬಾಕಿಯ ನೋಟಿಸು ಕಳಿಸುತ್ತದೆ. ಸಂಬಳದ ಬಿಲ್ಲು ಮಾಡುವ ಡಿಡಿಒಗೆ ವಿವರ ಮೊದಲೇ ಕೊಟ್ಟರೆ ಸಂಬಳದಲ್ಲಿ ಹಿಡಿಯುವ ತೆರಿಗೆಯೇ ಕಡಿಮೆಯಾದೀತು. ಹಿಂಬಾಕಿಯ ಬಿಲ್ಲಿನಲ್ಲಿ ಯಾವ ವರ್ಷಕ್ಕೆ ಎಷ್ಟು ಎಂಬ ವಿಂಗಡಣೆ ಇರಲಿ, ಆಯಾ ವರ್ಷದ ಫಾರ್ಮ್ 16 ಜೋಪಾನವಾಗಿರಲಿ.

ರೀಫಂಡ್ ತರಿಸಿಕೊಡುತ್ತೇನೆ, ಕಮಿಷನ್ ಕೊಡಿ ಎನ್ನುವ ಏಜೆಂಟರ ಹತ್ತಿರ ಇದ್ಯಾವುದೂ ಸಿಗುವುದಿಲ್ಲ. ಅವರು ತೋರಿಸುವುದು ಕೊಡದ ದೇಣಿಗೆ, ಇಲ್ಲದ ಸಾಲ. ಸಿಕ್ಕಿಬಿದ್ದರೆ ತಪ್ಪಿಸಿದ ತೆರಿಗೆಯ ಎರಡು ಪಟ್ಟು ದಂಡ, ಅದೂ ನಿಮ್ಮ ಹೆಸರಿಗೇ.

2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ; ಸೆಕ್ಷನ್ ಸಂಖ್ಯೆಗಳೆಲ್ಲ ಬದಲು. ಐಪಿಸಿ ಹೋಗಿ ಬಿಎನ್‌ಎಸ್ ಬಂದಾಗ ಹೊಸ ಸಂಖ್ಯೆಗಳನ್ನು ಕಲಿತವರಿಗೆ ಇದೇನೂ ಕಷ್ಟವಲ್ಲ. ಪೊಲೀಸ್ ತರಬೇತಿ ಶಾಲೆಗಳು ಈ ವಿಷಯಕ್ಕೆ ಎರಡು ಗಂಟೆ ಕೊಟ್ಟರೂ ಸಾಕು, ಮೇಲಿನ ಪಿಎಸ್‌ಐಯ ಲೆಕ್ಕವನ್ನು ತರಗತಿಯಲ್ಲೇ ಬಿಡಿಸಿಬಿಡಬಹುದು.