ಪಾತ್ರೆ ತೊಳೆಯುವ ಯಂತ್ರದ ಹಟ

ಪಾತ್ರೆಗಳು ತೊಳೆದು ಮುಗಿದು ಒಂದು ಗಂಟೆಯಾಗಿದ್ದರೂ ಅಡುಗೆಮನೆಯ ಮೂಲೆಯಿಂದ ಗುಂಯ್‌ಗುಡುವ ಸದ್ದು ನಿಲ್ಲದಿದ್ದರೆ ಮನೆಯೊಡತಿಗೆ ಕಳವಳವಾಗುವುದು ಸಹಜ. ಗುಂಡಿಯೊತ್ತಿ ಆರಿಸಿದರೂ ಸದ್ದು ಅಡಗುವುದಿಲ್ಲ. ಬಾಗಿಲು ತೆರೆದು ನೋಡಿದರೆ ಒಳಗೆ ನೀರಿಲ್ಲ. ಆದರೂ ಪಂಪು ಮಾತ್ರ ಇಲ್ಲದ ನೀರನ್ನು ಹೊರದೂಡುವ ಕಾಯಕವನ್ನು ಬಿಡುವುದಿಲ್ಲ. ಕೊನೆಗೆ ಗೋಡೆಯ ಪ್ಲಗ್ಗನ್ನೇ ಕಿತ್ತಾಗ ಮನೆ ನಿಶ್ಶಬ್ದವಾಗುತ್ತದೆ. ಪ್ಲಗ್ಗು ಮತ್ತೆ ಸೇರಿದೊಡನೆ ಅದೇ ಹಟ!

ಇಂಥ ಸಂದರ್ಭದಲ್ಲಿ ಮನೆಮಂದಿಯ ಮೊದಲ ತೀರ್ಮಾನ ‘ಪಂಪು ಕೆಟ್ಟಿತು’ ಎಂಬುದು. ಆದರೆ ಅನೇಕ ವೇಳೆ ಪಂಪು ಸರಿಯಾಗಿಯೇ ಇರುತ್ತದೆ. ಎಲ್ಲಿಯೋ ನೀರು ದಾರಿ ತಪ್ಪಿದೆ. ಅದನ್ನರಿತ ಯಂತ್ರ ಮನೆಯೊಳಗೆ ನೀರು ಹರಿಯದಂತೆ ಕಾವಲು ನಿಂತಿದೆ. ಕಾವಲುಗಾರನ ಕೂಗನ್ನು ಅಡಗಿಸುವ ಮೊದಲು ಕಳ್ಳನನ್ನು ಹುಡುಕುವುದೇ ಜಾಣತನ.

ಚಿಕಾಗೋದಿಂದ ಬೆಂಗಳೂರಿಗೆ

ಈ ಯಂತ್ರದ ಮೂಲಪುರುಷ ಪುರುಷನಲ್ಲ, ಮಹಿಳೆ. ಅಮೆರಿಕದ ಇಲಿನಾಯ್ ಸಂಸ್ಥಾನದ ಶೆಲ್ಬಿವಿಲ್ ಎಂಬ ಊರಿನ ಜೋಸೆಫೀನ್ ಕಾಕ್ರನ್ 1886ರ ಡಿಸೆಂಬರ್ 28ರಂದು ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದಳು. ಅದಕ್ಕೆ ಮೊದಲೂ ಕೆಲವರು ಈ ದಿಶೆಯಲ್ಲಿ ಯತ್ನಿಸಿದ್ದುಂಟು. ಆದರೆ ತಂತಿಯ ಗೂಡುಗಳಲ್ಲಿ ತಟ್ಟೆ ಬಟ್ಟಲುಗಳನ್ನು ಜೋಡಿಸಿ, ಅವುಗಳ ಮೇಲೆ ರಭಸದಿಂದ ನೀರೆರಚುವ ಆಕೆಯ ವಿಧಾನವೇ ಬಳಕೆಗೆ ಒದಗಿತು. 1893ರ ಚಿಕಾಗೋ ವಿಶ್ವ ಪ್ರದರ್ಶನದಲ್ಲಿ ಈ ಯಂತ್ರ ಜನರ ಗಮನ ಸೆಳೆಯಿತು. ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನ ನಡೆದುದೂ ಅದೇ ಪ್ರದರ್ಶನದ ಸಂದರ್ಭದಲ್ಲಿಯೇ. ಯಂತ್ರವನ್ನು ಮೊದಲು ಆದರಿಸಿದ್ದು ಹೋಟೆಲುಗಳು. ಸಂಸಾರಗಳ ಅಡುಗೆಮನೆಯನ್ನು ಅದು ಪ್ರವೇಶಿಸಿದ್ದು ಬಹುಕಾಲದ ಮೇಲೆ.

ನಮ್ಮ ನಾಡಿನ ನಗರಗಳಲ್ಲಿ 2020ರ ಲಾಕ್‌ಡೌನ್ ಕಾಲದಲ್ಲಿ ಕೆಲಸದವರು ಬಾರದೆ ಹೋದಾಗ ಅನೇಕ ಗೃಹಿಣಿಯರ ದೃಷ್ಟಿ ಇದರತ್ತ ಹರಿಯಿತು. ಹೀಗೆ ಬಂದ ಯಂತ್ರ ಮನೆಯವರಲ್ಲಿ ಒಬ್ಬರಂತಾಗಿಬಿಟ್ಟಿದೆ. ಆದುದರಿಂದಲೇ ಅದು ಹಟ ಹಿಡಿದ ದಿನ ಮನೆಯ ದಿನಚರಿಯೇ ಅಸ್ತವ್ಯಸ್ತವಾಗುವುದು.

ಅಡಿಯಲ್ಲಿರುವ ಕಾವಲುಗಾರ

ಯಂತ್ರದ ಹಟವನ್ನು ಅರಿಯಬೇಕಾದರೆ ಅದರ ಸ್ವಭಾವವನ್ನು ತಿಳಿಯಬೇಕು. ನಲ್ಲಿಯಿಂದ ಬಂದ ನೀರು ವಿದ್ಯುತ್ತಿನಿಂದ ತೆರೆದು ಮುಚ್ಚುವ ಒಂದು ವಾಲ್ವಿನ ಮೂಲಕ ಒಳಸೇರುತ್ತದೆ. ಒಂದು ಪಂಪು ಆ ನೀರನ್ನೇ ಮತ್ತೆ ಮತ್ತೆ ಪಾತ್ರೆಗಳ ಮೇಲೆ ಚಿಮ್ಮಿಸುತ್ತದೆ. ತೊಳೆದು ಕೊಳೆಯಾದ ನೀರನ್ನು ಮತ್ತೊಂದು ಸಣ್ಣ ಪಂಪು ಹೊರದೂಡುತ್ತದೆ. ಇಂದಿನ ಯಂತ್ರಕ್ಕೆ ಒಂದು ಸರದಿಗೆ ಸುಮಾರು 10ರಿಂದ 15 ಲೀಟರು ನೀರು ಸಾಕು. ಯಾವುದೇ ಒಂದು ಹೊತ್ತಿನಲ್ಲಿ ಒಳಗಿರುವುದು ಕೆಲವೇ ಲೀಟರು.

ಕಣ್ಣಿಗೆ ಕಾಣದ ಇನ್ನೊಂದು ಅಂಗವಿದೆ. ಅನೇಕ ಯಂತ್ರಗಳ ತಳದಲ್ಲಿ, ಪಾತ್ರೆಗಳಿರುವ ತೊಟ್ಟಿಗಿಂತ ಕೆಳಗೆ, ಅಗಲವಾದ ಒಂದು ತಟ್ಟೆಯಿರುತ್ತದೆ. ಅದರಲ್ಲಿ ಥರ್ಮೋಕೋಲಿನಂಥ ಹಗುರವಾದ ಒಂದು ತೇಲುಬಿಲ್ಲೆ, ಅದಕ್ಕೆ ಹೊಂದಿಕೊಂಡು ಒಂದು ಪುಟ್ಟ ಸ್ವಿಚ್ಚು. ತಾರಸಿಯ ಮೇಲಿನ ಟ್ಯಾಂಕಿನಲ್ಲಿ ನೀರು ತುಂಬಿದಾಗ ತೇಲುವ ಚೆಂಡು ಮೇಲೆದ್ದು ನೀರನ್ನು ತಡೆಯುವುದಿಲ್ಲವೇ? ಇದೂ ಆ ಜಾತಿಯದೇ. ಸೋರಿದ ನೀರು ತಟ್ಟೆಯಲ್ಲಿ ನಿಂತರೆ ಬಿಲ್ಲೆ ಮೇಲೇಳುತ್ತದೆ, ಸ್ವಿಚ್ಚು ಕದಲುತ್ತದೆ. ಯಂತ್ರ ಒಳಬರುವ ನೀರನ್ನು ನಿಲ್ಲಿಸಿ ಹೊರದೂಡುವ ಪಂಪನ್ನು ಎಡೆಬಿಡದೆ ಓಡಿಸುತ್ತದೆ. ಆದರೆ ಆ ಪಂಪು ತೊಟ್ಟಿಯ ನೀರನ್ನು ಮಾತ್ರ ತೆಗೆಯಬಲ್ಲದು. ತಳದ ತಟ್ಟೆಯ ನೀರು ಅದರ ಕೈಗೆ ಎಟುಕದು. ಆದುದರಿಂದಲೇ ತೊಟ್ಟಿ ಬರಿದಾದರೂ ಸದ್ದು ನಿಲ್ಲುವುದಿಲ್ಲ. ಬಾಷ್ ಯಂತ್ರಗಳಲ್ಲಿ ಆಗ ‘ಇ-15’ ಎಂಬ ಸಂಕೇತ ಮೂಡುವುದುಂಟು.

ಪರೀಕ್ಷೆಯ ಕ್ರಮ

ಮೊದಲು ತಾಳ್ಮೆ ಬೇಕು. ತೊಳೆತದ ಆರಂಭದಲ್ಲಿಯೂ, ನಡುವೆ ಕಾರ್ಯಕ್ರಮವನ್ನು ರದ್ದುಪಡಿಸಿದಾಗಲೂ ಯಂತ್ರ ಒಂದೆರಡು ನಿಮಿಷ ನೀರು ಹೊರದೂಡುವುದು ವಾಡಿಕೆ. ಅದಕ್ಕೂ ಮೀರಿ ಪಂಪು ಓಡುತ್ತಲೇ ಇದ್ದರೆ ಪ್ಲಗ್ಗು ತೆಗೆದು, ನೀರಿನ ನಲ್ಲಿಯನ್ನು ಮುಚ್ಚಬೇಕು. ಅನಂತರ ನಾಲ್ಕು ಸಂಗತಿಗಳನ್ನು ಗಮನಿಸಿದರೆ ದೋಷದ ಜಾಡು ಸಿಕ್ಕುತ್ತದೆ.

ಒಂದು: ಪ್ಲಗ್ಗನ್ನು ಸೇರಿಸದೆ ನಲ್ಲಿಯನ್ನಷ್ಟೇ ತೆರೆದು ಕೆಲಹೊತ್ತು ಕಾದು ನೋಡಬೇಕು. ವಿದ್ಯುತ್ತಿಲ್ಲದಾಗಲೂ ತೊಟ್ಟಿಯೊಳಗೆ ನೀರು ಏರಿದರೆ ಒಳಬರುವ ವಾಲ್ವು ಸರಿಯಾಗಿ ಮುಚ್ಚುತ್ತಿಲ್ಲ ಎಂದರ್ಥ. ಕೊಳವೆ ಬಾವಿಯ ನೀರಿನೊಡನೆ ಬರುವ ಮರಳಿನ ಕಣ, ಗಡಸು ನೀರಿನ ಸುಣ್ಣದ ಪದರ ವಾಲ್ವಿನ ಬಾಯಲ್ಲಿ ಕುಳಿತರೂ ಹೀಗಾಗುವುದುಂಟು. ನೀರು ಬರುತ್ತಲೇ ಇದ್ದರೆ ಯಂತ್ರ ಹೊರದೂಡುತ್ತಲೇ ಇರಬೇಕಷ್ಟೆ. ಇಲ್ಲಿ ವಾಲ್ವನ್ನು ಬದಲಾಯಿಸುವುದೇ ಪರಿಹಾರ.

ಎರಡು: ತೊಳೆಯುವಾಗ ಹೊರದೂಡುವ ಪಂಪು ಮೌನವಾಗಿದ್ದರೂ ಮೋರಿಗೆ ನೀರು ಹರಿಯುತ್ತಿದೆಯೇ? ಹಾಗಿದ್ದರೆ ದೋಷ ಕೊಳವೆಯನ್ನು ಜೋಡಿಸಿದ ರೀತಿಯಲ್ಲಿದೆ. ಪೀಪಾಯಿಯ ಸೀಮೆಎಣ್ಣೆಯನ್ನು ರಬ್ಬರು ಕೊಳವೆಯಿಂದ ಒಮ್ಮೆ ಎಳೆದರೆ ಅದು ತಾನಾಗಿ ಹರಿಯುವಂತೆ, ಕೊಳವೆಯ ತುದಿ ನೆಲಮಟ್ಟದಲ್ಲಿದ್ದರೆ ತೊಟ್ಟಿಯ ನೀರು ತಾನಾಗಿಯೇ ಇಳಿದುಹೋಗುತ್ತದೆ. ಯಂತ್ರ ತುಂಬಿಸುತ್ತದೆ, ಕೊಳವೆ ಬರಿದುಮಾಡುತ್ತದೆ. ಕೈಪಿಡಿಯಲ್ಲಿ ಹೇಳಿದಷ್ಟು ಎತ್ತರಕ್ಕೆ ಕೊಳವೆಯನ್ನೆತ್ತಿ ಕಟ್ಟಿದರೆ ಕಾಸು ಖರ್ಚಿಲ್ಲದೆ ಕಾಯಿಲೆ ವಾಸಿ.

ಮೂರು: ಪಂಪು ಗುಂಯ್‌ಗುಟ್ಟುತ್ತಿದ್ದರೂ ತೊಟ್ಟಿಯಲ್ಲಿ ನೀರು ನಿಂತೇ ಇದೆಯೇ? ಆಗ ದಾರಿ ಕಟ್ಟಿದೆ. ಪ್ಲಗ್ಗು ತೆಗೆದು, ತಳದ ಜರಡಿಯನ್ನು ಬಿಚ್ಚಿ, ಅನ್ನದ ಅಗುಳು, ಕರಿಬೇವಿನೆಲೆ, ಹುಣಿಸೆಯ ನಾರುಗಳನ್ನು ತೆಗೆಯಬೇಕು. ಒಡೆದ ಗಾಜಿನ ಚೂರು ಅಡಗಿರಬಹುದಾದ್ದರಿಂದ ಬರಿಗೈ ಹಾಕಬಾರದು. ನೀರಿನ ಮಟ್ಟವನ್ನರಿಯುವ ಸಣ್ಣ ನಳಿಗೆಯಲ್ಲಿ ಜಿಡ್ಡು ಕಟ್ಟಿದರೂ, ಬರಿದಾದ ತೊಟ್ಟಿಯನ್ನು ಯಂತ್ರ ತುಂಬಿದೆಯೆಂದೇ ಭ್ರಮಿಸಬಹುದು.

ನಾಲ್ಕು: ತೊಟ್ಟಿ ಬರಿದು, ಆದರೆ ಪ್ಲಗ್ಗು ಸೇರಿದೊಡನೆ ಪಂಪು ಓಡುತ್ತದೆ. ಇದು ಬಹುಮಟ್ಟಿಗೆ ತೇಲುಬಿಲ್ಲೆಯ ಕೂಗು. ಪ್ಲಗ್ಗು ತೆಗೆದ ಮೇಲೆ ಮುಂಭಾಗದ ಕೆಳಹಲಗೆಯನ್ನು ಬಿಚ್ಚಿ, ಬ್ಯಾಟರಿ ದೀಪದ ಬೆಳಕಿನಲ್ಲಿ ತಳದ ತಟ್ಟೆಯನ್ನು ನೋಡಬೇಕು. ನೀರಿದ್ದರೆ ಸ್ಪಂಜಿನಿಂದಲೋ ಹಳೆಯ ಬಟ್ಟೆಯಿಂದಲೋ ಹೀರಿಸಿ, ಚೆನ್ನಾಗಿ ಆರಲು ಬಿಡಬೇಕು. ತಟ್ಟೆ ಒಣಗಿದ್ದೂ ಪಂಪು ನಿಲ್ಲದಿದ್ದರೆ ಬಿಲ್ಲೆ ಕೊಳೆಯಲ್ಲಿ ಸಿಕ್ಕಿಕೊಂಡಿರಬಹುದು. ಇಲ್ಲವೇ ಸ್ವಿಚ್ಚು ಅಥವಾ ವಿದ್ಯುತ್ ಫಲಕ ಕೆಟ್ಟಿರಬಹುದು. ಅದು ಬಲ್ಲ ಮೆಕ್ಯಾನಿಕ್ಕಿನ ಕೆಲಸ.

ನೀರು ಬಂದುದೆಲ್ಲಿಂದ?

ತಟ್ಟೆಯನ್ನು ಒರೆಸಿದೊಡನೆ ಸದ್ದು ನಿಲ್ಲುತ್ತದೆ. ಮನೆಮಂದಿ ನಿಟ್ಟುಸಿರು ಬಿಡುತ್ತಾರೆ. ಎಡವುವುದು ಇಲ್ಲಿಯೇ. ನೀರು ಎಲ್ಲಿಂದ ಬಂತೆಂಬುದು ತಿಳಿಯದೆ ಕಾಯಿಲೆ ವಾಸಿಯಾಯಿತೆನ್ನುವಂತಿಲ್ಲ. ನಾಲ್ಕಾರು ದಿನಗಳಲ್ಲಿ ತಟ್ಟೆ ಮತ್ತೆ ತುಂಬುತ್ತದೆ.

ಕಾರಣ ಎಷ್ಟೋ ಸಲ ತೀರ ಸರಳವಾದದ್ದು. ಯಂತ್ರಕ್ಕೆಂದೇ ತಯಾರಾದ ಪುಡಿ ತೀರಿದ ದಿನ ಯಾರೋ ಕೈಯಿಂದ ಪಾತ್ರೆ ತೊಳೆಯುವ ಸೋಪಿನ ದ್ರವವನ್ನು ಸುರಿದಿರುತ್ತಾರೆ. “ಎರಡೂ ಸೋಪೇ ಅಲ್ಲವೇನಮ್ಮ?” ಎಂದು ಅತ್ತೆ ಕೇಳಿದರೆ ಸೊಸೆ ಏನೆಂದು ಉತ್ತರಿಸಬೇಕು? ಎರಡೂ ಸೋಪೇ ಹೌದು. ಆದರೆ ಒಂದು ನೊರೆಗಾಗಿಯೇ ಹೆಸರಾದದ್ದು, ಇನ್ನೊಂದು ನೊರೆ ಬಾರದಂತೆ ಕೂಡಿಸಿದ್ದು. ನೊರೆ ಉಕ್ಕಿ ಬಾಗಿಲ ಸಂದಿನಿಂದ ಇಳಿದು ತಟ್ಟೆಯಲ್ಲಿ ನೀರಾಗಿ ನಿಲ್ಲುತ್ತದೆ. ಆಗ ನೊರೆಯನ್ನು ಬಾಚಿ ತೆಗೆದು, ತಣ್ಣೀರು ಹಾಕಿ ಕೆಲವು ಸಲ ಹೊರಬಿಟ್ಟರೆ ಸಾಕು.

ನೊರೆ ಕಾರಣವಲ್ಲದಿದ್ದರೆ, ಯಂತ್ರದ ಕೆಳಗೆ ಹಳೆಯ ವೃತ್ತಪತ್ರಿಕೆ ಹಾಸಿ, ಸಣ್ಣ ಸರದಿಯೊಂದನ್ನು ಓಡಿಸಿ, ಕೈಯಿಡದೆ ದೂರದಿಂದಲೇ ಬೆಳಕು ಬಿಟ್ಟು ಹನಿ ಬೀಳುವ ಕಡೆಯನ್ನು ಗುರುತಿಸಬೇಕು. ಮುಂಭಾಗದಲ್ಲಾದರೆ ಬಾಗಿಲಿನ ರಬ್ಬರು ಪಟ್ಟಿಯನ್ನೂ, ನೀರು ಒಳಬರುವ ಜಾಗದಲ್ಲಾದರೆ ಕೊಳವೆಯ ಬಿಗಿಪಟ್ಟಿಯನ್ನೂ, ನಡುವೆಯಾದರೆ ಪಂಪಿನ ಸುತ್ತಲಿನ ರಬ್ಬರು ಬಳೆಯನ್ನೂ ಸಂದೇಹಿಸಬೇಕು. ಮೆಕ್ಯಾನಿಕ್ಕಿಗೆ ‘ಕೆಟ್ಟಿದೆ’ ಎಂದಷ್ಟೇ ಹೇಳುವ ಬದಲು ‘ಇಂಥ ಕಡೆ ಹನಿಯುತ್ತಿದೆ’ ಎಂದು ಹೇಳಬಲ್ಲ ಗೃಹಿಣಿಗೆ ಹಣವೂ ಉಳಿದೀತು, ಹೊತ್ತೂ ಉಳಿದೀತು.

ಮಾಡಲೇಬಾರದ ಕೆಲಸವೊಂದಿದೆ: ಸದ್ದಿನ ಕಾಟ ತಾಳಲಾರದೆ ತೇಲುಬಿಲ್ಲೆಯ ಸ್ವಿಚ್ಚಿನ ತಂತಿಯನ್ನು ಕಿತ್ತುಹಾಕುವುದು. ಪಂಪೇನೋ ಸುಮ್ಮನಾಗುತ್ತದೆ, ಯಂತ್ರವೂ ಮೊದಲಿನಂತೆ ಓಡುತ್ತದೆ. ಆದರೆ ಸೋರುವ ನೀರು ಸೋರುತ್ತಲೇ ಇರುತ್ತದೆ. ತಟ್ಟೆ ತುಂಬಿ ಹರಿದ ನೀರು ಪಕ್ಕದ ಮರದ ಬೀರುವನ್ನು ಉಬ್ಬಿಸುತ್ತದೆ, ಕೆಳಮನೆಯವರ ಸೂರನ್ನು ನೆನೆಸುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ವಿದ್ಯುತ್ತು ಹರಿಯುವ ಭಾಗಗಳಿಗೆ ನೀರು ತಗುಲಿದರೆ ಹೋಗುವುದು ಯಂತ್ರವೊಂದೇ ಅಲ್ಲ. ಮಕ್ಕಳು ಮರಿಗಳು ಬರಿಗಾಲಲ್ಲಿ ಓಡಾಡುವ ಅಡುಗೆಮನೆಯಲ್ಲಿ ಪ್ರಾಣಕ್ಕೇ ಸಂಚಕಾರ ಒದಗಬಹುದು. ಒಂದು ರಬ್ಬರು ಬಳೆಯ ಬೆಲೆಯನ್ನು ಉಳಿಸಲು ಹೋಗಿ ಇಂಥ ಅಪಾಯವನ್ನು ಮನೆಗೆ ಕರೆಯುವುದು ಯಾವ ಲೆಕ್ಕದಲ್ಲೂ ಉಳಿತಾಯವೆನಿಸದು.