ಹಳ್ಳ, ಒಡ್ಡು ಮತ್ತು ಹೆದ್ದಾರಿ

ನಮ್ಮ ಭಾಗದಲ್ಲಿ ‘ಹಳ್ಳ ಬಂತು’ ಎಂದರೆ ಸಾಕು, ಬೇರೇನೂ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಕಾಲು ತೊಯ್ಯದಂತೆ ದಾಟುವ ಹಳ್ಳವೇ ದೊಡ್ಡ ಮಳೆಯಾದ ಒಂದೆರಡು ತಾಸಿನಲ್ಲಿ ಬಂಡಿ, ಬಸ್ಸುಗಳನ್ನು ತಡೆದು ನಿಲ್ಲಿಸುತ್ತದೆ. ಉಮರಗಾ, ನಿಲಂಗಾ, ಉದಗೀರಗಳ ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಮೊದಲ ಮಳೆಯನ್ನು ನುಂಗಿಬಿಡುತ್ತದೆ. ಮಣ್ಣು ನೆನೆದು ಉಬ್ಬಿ ಬಿರುಕುಗಳು ಮುಚ್ಚಿದ ಮೇಲೆ ಬಿದ್ದ ನೀರಿನ ಬಹುಪಾಲು ಹಳ್ಳಕ್ಕೇ ಓಡುತ್ತದೆ. ಅದಕ್ಕೇ ಜೂನ್ ತಿಂಗಳ ಮಳೆಗಿಂತ ಸಪ್ಟೆಂಬರಿನ ಅಷ್ಟೇ ಮಳೆ ಹೆಚ್ಚು ಅಪಾಯದ್ದು. ಇಂಥ ಅನೇಕ ಹಳ್ಳಗಳು ತೇರಣಾ, ಲೇಂಡಿ ನದಿಗಳನ್ನು ಸೇರಿ ಮಾಂಜ್ರಾದ ಮೂಲಕ ಗೋದಾವರಿಗೆ ಹೋಗುತ್ತವೆ.

ಹಳ್ಳಕ್ಕೆ ನಾವು ಎರಡು ಬಗೆಯ ಅಡ್ಡಿ ಮಾಡುತ್ತೇವೆ. ದಂಡೆಗುಂಟ ಮಣ್ಣಿನ ಒಡ್ಡು ಹಾಕಿ ಹೊಲ ಉಳಿಸಿಕೊಳ್ಳುವುದು ಒಂದು. ಹಳ್ಳಕ್ಕೆ ಅಡ್ಡಲಾಗಿ ಏರಿ ಕಟ್ಟಿ ಸಡಕು ಒಯ್ಯುವುದು ಇನ್ನೊಂದು. ಸೊಲ್ಲಾಪುರ-ಹೈದರಾಬಾದ ಹೆದ್ದಾರಿಯಲ್ಲಿ ಉಮರಗಾ ದಾಟುವಾಗ ಎಷ್ಟು ಮೋರಿಗಳು ಸಿಗುತ್ತವೆಂದು ಬಸ್ಸಿನ ಕಿಟಕಿಯಿಂದ ಎಣಿಸಿ ನೋಡಿರಿ. ಒಡ್ಡಾಗಲಿ ಏರಿಯಾಗಲಿ ನೀರನ್ನು ಇಲ್ಲವಾಗಿಸುವುದಿಲ್ಲ, ಬೇರೆ ಕಡೆಗೆ ಕಳಿಸುತ್ತದೆ. ಎಷ್ಟು, ಎಲ್ಲಿಗೆ ಎಂಬುದನ್ನು ಕಟ್ಟುವ ಮೊದಲೇ ಲೆಕ್ಕ ಹಾಕಬಹುದು.

ಪಾತ್ರದ ಅಡ್ಡಕೊಯ್ತದ ಕ್ಷೇತ್ರಫಲವನ್ನು ನೀರಿನ ವೇಗದಿಂದ ಗುಣಿಸಿದರೆ ಹರಿವು ಸಿಗುತ್ತದೆ. ಒಂದು ಹಳ್ಳದ ನೆರೆ 40 ಮೀಟರು ಅಗಲ, 2 ಮೀಟರು ಆಳ, ಸೆಕೆಂಡಿಗೆ ಒಂದೂವರೆ ಮೀಟರು ವೇಗದ್ದೆಂದು ಭಾವಿಸೋಣ. ಹರಿವು ಸೆಕೆಂಡಿಗೆ 120 ಘನ ಮೀಟರು. ಈಗ ಎಡದಂಡೆಯವನು ಒಡ್ಡು ಹಾಕಿ ಅಗಲವನ್ನು 25 ಮೀಟರಿಗೆ ಇಳಿಸಿದನೆನ್ನಿ. ಐರ್ಲೆಂಡಿನ ಇಂಜಿನಿಯರ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಸೂತ್ರದಿಂದ ಲೆಕ್ಕ ಮಾಡಿದರೆ ಆಳ ಸುಮಾರು 2.7 ಮೀಟರಿಗೆ ಏರುತ್ತದೆ. ಎಡದ ಹೊಲ ಉಳಿಯಿತು, ಒಡ್ಡಿಲ್ಲದ ಬಲದಂಡೆಯ ಹೊಲಕ್ಕೆ ನೀರು ನುಗ್ಗಿತು. ಇದು ಬದುವಿನ ಜಗಳವಲ್ಲ, ಗಣಿತ.

ಇನ್ನು ಸಡಕು. ತಲಾ 4 ಮೀಟರಿನ ಮೂರು ಕಣ್ಣುಗಳ ಮೋರಿ ಇದ್ದರೆ ದಾರಿ ಸಿಗುವುದು 12 ಮೀಟರು ಮಾತ್ರ. 2 ಮೀಟರು ಆಳದಲ್ಲಿ 120 ಘನ ಮೀಟರು ಹಾಯಬೇಕಾದರೆ ವೇಗ ಸೆಕೆಂಡಿಗೆ 5 ಮೀಟರಾಗಬೇಕು. ಅಷ್ಟು ವೇಗ ಸುಮ್ಮನೆ ಬರುವುದಿಲ್ಲ. ಏರಿಯ ಹಿಂದೆ ನೀರು ಒಂದು ಮೀಟರಿಗೂ ಹೆಚ್ಚು ಎತ್ತರ ನಿಂತು ನೂಕಬೇಕು. ಸಾವಿರ ಮೀಟರಿಗೆ ಒಂದು ಮೀಟರು ಇಳಿಜಾರಿದ್ದಲ್ಲಿ ಈ ಹಿನ್ನೀರು ಸುಮಾರು ಒಂದು ಕಿಲೋಮೀಟರು ಮೇಲಿನವರೆಗೂ ಮುಟ್ಟೀತು. ಅಲ್ಲಿಯ ಗುಡಿಸಲಿನವರು ಮಳೆಯನ್ನು ದೂರುತ್ತಾರೆ, ಮೋರಿಯನ್ನಲ್ಲ.

ಒಡ್ಡು, ಸಡಕು ಎರಡೂ ಕೂಡಿದಲ್ಲಿ ಏನಾಗುತ್ತದೆಂದು ತಗಡಿನ ಪರಾತದಲ್ಲಿಯೇ ನೋಡಬಹುದು. ಒಂದು ಬದಿಗೆ ಇಟ್ಟಿಗೆ ಕೊಟ್ಟು ಓರೆ ಮಾಡಿ, ಹಸಿಮಣ್ಣು ಮೆತ್ತಿ, ಬೆರಳಿನಿಂದ ಹಳ್ಳ ತೋಡಿರಿ. ಅಡ್ಡಲಾಗಿ ಏರಿ ಕಟ್ಟಿ ಜೋಳದ ದಂಟಿನ ದಪ್ಪದ ಕೊಳವೆ ಇಡಿರಿ. ತಂಬಿಗೆಯಿಂದ ಒಂದೇ ಸಮನೆ ನೀರು ಹಾಕಿದರೆ ಏರಿಯ ಹಿಂದೆ ಕೆರೆ ಹರಡುತ್ತದೆ. ದಂಡೆಗುಂಟ ಒಡ್ಡು ಹಾಕಿ ಮತ್ತೆ ಸುರಿಯಿರಿ. ನೀರಿಗೆ ಹರಡಲು ಜಾಗವಿಲ್ಲ, ಬೇಗನೆ ಮೇಲೇರಿ ಸಡಕನ್ನೇ ಹಾರುತ್ತದೆ. ಹಾರಿದಲ್ಲೇ ಏರಿ ಕೊರೆಯುತ್ತದೆ. ಇದನ್ನೇ ದೊಡ್ಡ ಪ್ರಮಾಣದಲ್ಲಿ ಪುಣೆಯ ಬಳಿಯ ಖಡಕವಾಸಲಾದ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದಲ್ಲಿ ಮಾಡುತ್ತಾರೆ; ಆ ಸಂಸ್ಥೆ 1916ರಲ್ಲಿ ಆರಂಭವಾಯಿತು. ಈಗ ಕಂಪ್ಯೂಟರೂ ಇದೆ. ಹಳ್ಳವನ್ನು ನೂರಾರು ತುಂಡು ಮಾಡಿ ಪ್ರತಿ ತುಂಡಿಗೂ ಇದೇ ಲೆಕ್ಕ ಹಾಕುತ್ತದೆ.

2019ರ ಆಗಸ್ಟಿನಲ್ಲಿ ಕೊಲ್ಹಾಪುರದ ಬಳಿ ಪಂಚಗಂಗೆಯ ನೆರೆಯಿಂದ ಪುಣೆ-ಬೆಂಗಳೂರು ಹೆದ್ದಾರಿ ದಿನಗಟ್ಟಲೆ ಬಂದಾಗಿತ್ತು, 2021ರ ಜುಲೈಯಲ್ಲಿ ಮತ್ತೆ ಬಂದಾಯಿತು. ಅಲ್ಲಿ ಮಣ್ಣಿನ ಏರಿಯ ಬದಲು ಕಂಬಗಳ ಮೇಲೆ ಸಡಕು ಒಯ್ಯಿರೆಂದು ಜನ ಕೇಳಿದ್ದು ಈ ಕಾರಣಕ್ಕೇ.

ಲೆಕ್ಕಕ್ಕೂ ಒಂದು ಮಿತಿಯುಂಟು. ನಾವು ಮೂರು ಕಣ್ಣು ಎಂದು ಬರೆದೆವು. ಮಳೆಗಾಲಕ್ಕೆ ಮೊದಲು ಒಮ್ಮೆ ಮೋರಿಯ ಕೆಳಗೆ ಬಗ್ಗಿ ನೋಡಿರಿ. ಒಂದು ಕಣ್ಣಿನಲ್ಲಿ ಜಾಲಿಕಂಟಿ, ಹೂಳು ತುಂಬಿದ್ದರೆ ಉಳಿದದ್ದು ಎರಡೇ. ಆಗ ವೇಗ 5 ಅಲ್ಲ, ಏಳೂವರೆ ಮೀಟರಾಗಬೇಕು. ಹಿಂದೆ ನಿಲ್ಲಬೇಕಾದ ನೀರಿನ ಎತ್ತರ ಎರಡು ಪಟ್ಟಿಗೂ ಹೆಚ್ಚು.