ಹಳೆಯ ಬಾನುಲಿ ಪ್ರಸಾರಯಂತ್ರವನ್ನು ಕೊಳ್ಳುವ ಮುನ್ನ

೧೯೩೫ರಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ೩೦ ವ್ಯಾಟಿನ ಯಂತ್ರದಿಂದ ತಮ್ಮ ಮನೆಯಲ್ಲಿಯೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ೨೦೦೭ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವು ರೈತರಿಗಾಗಿ ಸಮುದಾಯ ಬಾನುಲಿಯನ್ನು ತೆರೆಯಿತು.

ಸವದತ್ತಿ ಸೀಮೆಯ ಮುಖಂಡರು ಇಂಥ ಕೇಂದ್ರಕ್ಕಾಗಿ ಅಗ್ಗದ ಹಳೆಯ ಯಂತ್ರವನ್ನು ಕೊಳ್ಳಲಿಚ್ಛಿಸಿದಲ್ಲಿ, ಮೊದಲು ಸರಕಾರದ ಪರವಾನಿಗೆಯನ್ನು ಪಡೆಯತಕ್ಕದ್ದು. ಅದು ಒಬ್ಬೊಬ್ಬ ವ್ಯಕ್ತಿಗೆ ದೊರೆಯದು. ಲಾಭದ ಉದ್ದೇಶವಿಲ್ಲದ ನೋಂದಾಯಿತ ಸಂಸ್ಥೆಗೆ ದೊರೆಯುವುದು. ಪರವಾನಿಗೆಯಿಲ್ಲದೆ ಯಂತ್ರವನ್ನು ಇಟ್ಟುಕೊಳ್ಳುವುದೂ ಅಪರಾಧವು. ಪ್ರಸಾರಶಕ್ತಿಯು ಸಾಮಾನ್ಯವಾಗಿ ೧೦೦ ವ್ಯಾಟನ್ನು ಮೀರಕೂಡದಾದ್ದರಿಂದ ಹೆಚ್ಚಿನ ಬಲದ ಯಂತ್ರಕ್ಕೆ ಹಣ ತೆರುವುದು ವ್ಯರ್ಥ.

ಎತ್ತನ್ನು ಹೂಡಿ ನೋಡಿಯೇ ಕೊಳ್ಳುವಂತೆ, ಯಂತ್ರಕ್ಕೆ ಆಂಟೆನಾದ ಬದಲು ಕೃತಕ ಭಾರವನ್ನು ನುರಿತವರಿಂದ ಜೋಡಿಸಿ, ಪೂರ್ಣ ಬಲದಲ್ಲಿ ಕೆಲವು ತಾಸು ನಡೆಯಿಸಿ, ಶಕ್ತಿಯು ಕುಗ್ಗದೆ ಕಂಪನಾಂಕವು ಸರಿಯದೆ ಇರುವುದನ್ನು ಖಾತ್ರಿ ಮಾಡಿಕೊಳ್ಳಬೇಕು. ಎರಡೂ ಇಲ್ಲದೆ ಚಾಲೂ ಮಾಡಿದರೆ ಯಂತ್ರವು ಸುಟ್ಟುಹೋಗಬಹುದು. ಬಿಡಿಭಾಗ ದೊರೆಯದ ಯಂತ್ರವು ಅಗ್ಗವಾದರೂ ಕಡೆಗೆ ತುಟ್ಟಿಯೇ.